ಬಿಸಿಲು 43 ಡಿಗ್ರಿ ಇರುವಾಗ ದೇಹದ ಹೊರಗಿರುವ ವೃಷಣಗಳು ತಂಪಾಗಿರುವುದು ಹೇಗೆ?

ಪ್ರಶ್ನೆ: ಶಹಾಪುರ ತಾಲ್ಲೂಕಿನ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ವಿಜ್ಞಾನ ಬೋಧಿಸುತ್ತೇನೆ. ಸಂತಾನೋತ್ಪತ್ತಿಯ ಪಾಠವನ್ನು ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಹೇಳಿ ದಾಟಿಸಿಬಿಡುವ ರೂಢಿ ಅನೇಕ ಶಾಲೆಗಳಲ್ಲಿದೆ. ನಾನು ಚಿತ್ರ ಬರೆದು, ಹುಡುಗರು ಹುಡುಗಿಯರು ಎಲ್ಲರೂ ಕುಳಿತಿರುವಾಗಲೇ ಅದನ್ನು ಪಾಠ ಮಾಡುತ್ತೇನೆ.

ವೀರ್ಯಾಣುಗಳ ಉತ್ಪಾದನೆಗೆ ದೇಹದ ತಾಪಕ್ಕಿಂತ ಕಡಿಮೆ ತಾಪ ಬೇಕಾಗಿರುವುದರಿಂದ ವೃಷಣಗಳು ಕಿಬ್ಬೊಟ್ಟೆಯ ಹೊರಗೆ, ವೃಷಣ ಚೀಲದಲ್ಲಿ ಇರುತ್ತವೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಇದನ್ನು ವಿವರಿಸಿದಾಗ ಹುಡುಗನೊಬ್ಬ ಎದ್ದುನಿಂತು, “ಮೇಡಂ, ನಮ್ಮ ಮೈಯ ತಾಪ 37 ಡಿಗ್ರಿ. ಮೇ ತಿಂಗಳಲ್ಲಿ ಹೊರಗಿನ ಬಿಸಿಲು 43 ಡಿಗ್ರಿ. ಹಾಗಿದ್ದ ಮೇಲೆ ಹೊರಗಿರುವುದಕ್ಕಿಂತ ಹೊಟ್ಟೆಯ ಒಳಗಿರುವುದೇ ತಂಪಲ್ಲವೇ?” ಎಂದು ಕೇಳಿದ. ತರಗತಿ ನಕ್ಕಿತು, ಆದರೆ ಪ್ರಶ್ನೆ ನಗುವಂಥದ್ದಲ್ಲ. ಪಠ್ಯದ ಆ ಒಂದು ವಾಕ್ಯ ಗಾಳಿಯ ತಾಪ ದೇಹದ ತಾಪಕ್ಕಿಂತ ಕಡಿಮೆ ಇರುವ ಊರುಗಳಿಗೆ ಸಾಲುತ್ತದೆ, ನಮ್ಮ ಕಡೆಗೆ ಸಾಲುವುದಿಲ್ಲ ಎಂದು ನನಗೂ ಅನ್ನಿಸಿತು.

ಇನ್ನೊಂದು ಸಂದೇಹವೂ ಇದೆ. ವೃಷಣದಿಂದ ಹೊರಟ ವೀರ್ಯನಾಳ ಪಕ್ಕದಲ್ಲೇ ಇರುವ ಶಿಶ್ನವನ್ನು ಸೇರದೆ, ಹೊಟ್ಟೆಯೊಳಕ್ಕೆ ಏರಿ, ಮೂತ್ರಕೋಶವನ್ನು ಬಳಸಿಕೊಂಡು ಮತ್ತೆ ಇಳಿದು ಬರುತ್ತದೆ. ಈ ಸುತ್ತುದಾರಿ ಏಕೆ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಕಲಬುರಗಿಯ ಶರೀರಕ್ರಿಯಾಶಾಸ್ತ್ರ ಬೋಧಕ

ಮೇಡಂ, ಆ ಹುಡುಗನ ಲೆಕ್ಕದಲ್ಲಿ ಅಂಕಿಗಳು ಸರಿಯಾಗಿಯೇ ಇವೆ, ಬೆವರು ಮಾತ್ರ ಬಿಟ್ಟುಹೋಗಿದೆ.

ವೃಷಣಗಳ ತಾಪ ಸಾಮಾನ್ಯವಾಗಿ ದೇಹದ ಒಳತಾಪಕ್ಕಿಂತ 2ರಿಂದ 2.5 ಡಿಗ್ರಿ ಕಡಿಮೆ ಇರುತ್ತದೆ. ಈ ವ್ಯತ್ಯಾಸವನ್ನು ಕಾಯ್ದುಕೊಳ್ಳಲು ಗಾಳಿ ತಂಪಾಗಿರಲೇಬೇಕೆಂದಿಲ್ಲ. ವೃಷಣ ಚೀಲದ ಚರ್ಮ ತೆಳುವಾಗಿದೆ, ಅದರ ಅಡಿಯಲ್ಲಿ ಕೊಬ್ಬಿನ ಪದರವಿಲ್ಲ, ಬೆವರಿನ ಗ್ರಂಥಿಗಳು ಧಾರಾಳವಾಗಿವೆ. ಬೆವರು ಆವಿಯಾಗುವಾಗ ಚರ್ಮದಿಂದ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಮನೆಗಳ ಕಿಟಕಿಗೆ ಕೂರಿಸುವ ಕೂಲರ್ 43 ಡಿಗ್ರಿಯ ಗಾಳಿಯನ್ನೇ ಒಳಗೆಳೆದುಕೊಂಡು, ಒದ್ದೆ ಹುಲ್ಲಿನ ಪದರದ ಮೂಲಕ ಹಾಯಿಸಿ, ತಂಪಾಗಿ ಕೊಡುವುದಿಲ್ಲವೇ? ಅದರ ಹಿಂದಿರುವುದೂ ಇದೇ ತತ್ತ್ವ. ಆ ಕೂಲರ್ ಮಂಗಳೂರಿನಲ್ಲಿ ಅಷ್ಟಾಗಿ ಪ್ರಯೋಜನಕ್ಕೆ ಬಾರದಿರುವುದಕ್ಕೆ ಅಲ್ಲಿನ ಗಾಳಿಯ ತೇವವೇ ಕಾರಣ. ಕಲಬುರಗಿ, ಯಾದಗಿರಿಗಳ ಬೇಸಿಗೆ ಒಣ ಬೇಸಿಗೆಯಾದ್ದರಿಂದ ಬೆವರು ಬೇಗ ಆರುತ್ತದೆ. ಮಳೆಗಾಲದಲ್ಲಿ ಗಾಳಿಗೆ ತೇವ ಬರುವ ಹೊತ್ತಿಗೆ ತಾಪವೇ 37 ಡಿಗ್ರಿಗಿಂತ ಕೆಳಗೆ ಇಳಿದಿರುತ್ತದೆ.

ಇದು ಚರ್ಮದ ಮಾತಾಯಿತು. ವೃಷಣದ ಒಳಗಿನ ಶಾಖ ಹೊರಬರುವುದಕ್ಕೆ ಬೇರೊಂದು ವ್ಯವಸ್ಥೆಯಿದೆ. ವೃಷಣಕ್ಕೆ ರಕ್ತ ತರುವ ಅಪಧಮನಿಯನ್ನು, ಅಲ್ಲಿಂದ ಹಿಂದಿರುಗುವ ಅಭಿಧಮನಿಗಳ ಬಲೆಯೊಂದು ದಟ್ಟವಾಗಿ ಸುತ್ತಿಕೊಂಡಿರುತ್ತದೆ. ಕೆಳಗಿಳಿಯುವ ಬಿಸಿ ರಕ್ತ, ಮೇಲೇರುವ ತಂಪು ರಕ್ತಕ್ಕೆ ತನ್ನ ಶಾಖವನ್ನು ದಾರಿಯಲ್ಲೇ ಬಿಟ್ಟುಕೊಡುವುದರಿಂದ, ವೃಷಣವನ್ನು ತಲುಪುವಾಗ ಅದು ಆಗಲೇ ತಣಿದಿರುತ್ತದೆ. ಇದರ ಜೊತೆಗೆ ಎರಡು ಸ್ನಾಯುಗಳು ಕೆಲಸ ಮಾಡುತ್ತವೆ. ಒಂದು ವೃಷಣವನ್ನು ಮೇಲಕ್ಕೆಳೆಯುವ ಕ್ರೆಮಾಸ್ಟರ್, ಇನ್ನೊಂದು ಚೀಲದ ಚರ್ಮವನ್ನು ಸುಕ್ಕುಗಟ್ಟಿಸುವ ಡಾರ್ಟೋಸ್. ಚಳಿಯಾದಾಗ ಇವು ಬಿಗಿಯಾಗಿ ವೃಷಣಗಳನ್ನು ದೇಹದ ಹತ್ತಿರಕ್ಕೆ ತರುತ್ತವೆ, ಸೆಕೆಯಾದಾಗ ಸಡಿಲಗೊಂಡು ಚೀಲವನ್ನು ಕೆಳಕ್ಕೆ ಬಿಡುತ್ತವೆ. ಚೀಲ ಸಡಿಲಗೊಂಡಷ್ಟೂ ಬೆವರು ಆರುವ ಮೇಲ್ಮೈ ಹೆಚ್ಚುತ್ತದೆ.

ಆದ್ದರಿಂದ ನಮ್ಮ ಬಿಸಿಲಿಗಿಂತ ಹೆಚ್ಚು ಯೋಚಿಸಬೇಕಾದದ್ದು ಬಟ್ಟೆ ಮತ್ತು ಕೂರುವ ಭಂಗಿಯ ಬಗ್ಗೆ. ತೊಡೆಗಳ ನಡುವೆ ಗಾಳಿಯಾಡದಿದ್ದರೆ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ಅಮೆರಿಕದಲ್ಲಿ 656 ಪುರುಷರನ್ನು ಒಳಗೊಂಡು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಡಿಲವಾದ ಒಳಉಡುಪು ತೊಡುವವರ ವೀರ್ಯಾಣು ಸಾಂದ್ರತೆ ಬಿಗಿಯಾದದ್ದನ್ನು ತೊಡುವವರಿಗಿಂತ ಶೇ 25ರಷ್ಟು ಹೆಚ್ಚಿತ್ತು. ಧೋತರ ಉಡುವ ನಮ್ಮ ಹಿರಿಯರಿಗೆ ಈ ಅಧ್ಯಯನದ ಅಗತ್ಯವಿರಲಿಲ್ಲ ಎಂದು ನಾನು ತರಗತಿಯಲ್ಲಿ ಹೇಳುವುದುಂಟು.

ಈಗ ಸುತ್ತುದಾರಿಯ ವಿಷಯ. ಗರ್ಭದಲ್ಲಿರುವ ಶಿಶುವಿನಲ್ಲಿ ವೃಷಣಗಳು ಹುಟ್ಟುವುದು ಚೀಲದಲ್ಲಲ್ಲ, ಬೆನ್ನಿನ ಕಡೆ, ಮೂತ್ರಪಿಂಡಗಳ ಸಮೀಪದಲ್ಲಿ. ಗರ್ಭದ ಕೊನೆಯ ತಿಂಗಳುಗಳಲ್ಲಿ ಅವು ತೊಡೆಸಂದಿನ ಕಾಲುವೆಯ ಮೂಲಕ ಹಾದು ಚೀಲಕ್ಕೆ ಇಳಿಯುತ್ತವೆ. ಇಳಿಯುವಾಗ ತಮ್ಮ ರಕ್ತನಾಳ, ನರ, ವೀರ್ಯನಾಳಗಳನ್ನೂ ಎಳೆದುಕೊಂಡೇ ಬರುವುದರಿಂದ, ವೀರ್ಯನಾಳವು ಮೂತ್ರಪಿಂಡದಿಂದ ಬರುವ ಮೂತ್ರನಾಳದ ಮೇಲೆ ಕೊಕ್ಕೆ ಹಾಕಿಕೊಂಡ ಸ್ಥಿತಿಯಲ್ಲಿ ಉಳಿದುಬಿಡುತ್ತದೆ. ವಯಸ್ಕನಲ್ಲೂ ವೃಷಣದ ಅಪಧಮನಿ ಹೊರಡುವುದು ಮೂತ್ರಪಿಂಡದ ಅಪಧಮನಿಯ ಸ್ವಲ್ಪ ಕೆಳಗೆ, ಮಹಾಪಧಮನಿಯಿಂದಲೇ. ವೃಷಣಕ್ಕೆ ಪೆಟ್ಟು ಬಿದ್ದರೆ ಹೊಟ್ಟೆಯಲ್ಲಿ ಸಂಕಟವಾಗುವುದಕ್ಕೂ, ಗಂಡಸರಲ್ಲಿ ತೊಡೆಸಂದಿನ ಹರ್ನಿಯಾ ಹೆಚ್ಚಾಗಿರುವುದಕ್ಕೂ ಈ ಇಳಿಯುವಿಕೆಯೇ ಕಾರಣ. ಪೂರ್ಣ ತಿಂಗಳಿಗೆ ಹುಟ್ಟಿದ ಗಂಡುಮಕ್ಕಳಲ್ಲಿ ಸುಮಾರು ಶೇ 3ರಷ್ಟು ಮಕ್ಕಳಿಗೆ ಒಂದು ವೃಷಣವಾದರೂ ಇಳಿದಿರುವುದಿಲ್ಲ. ಆರು ತಿಂಗಳಾದರೂ ಇಳಿಯದಿದ್ದರೆ ಶಸ್ತ್ರಚಿಕಿತ್ಸೆಯಿಂದ ಕೆಳಗೆ ತರಬೇಕು, ಒಂದೂವರೆ ವರ್ಷ ದಾಟಗೊಡಬಾರದು. ಒಳಗೇ ಉಳಿದರೆ ವೀರ್ಯಾಣುಗಳ ಉತ್ಪಾದನೆ ಕುಂದುವುದಲ್ಲದೆ, ಮುಂದೆ ವೃಷಣದ ಕ್ಯಾನ್ಸರಿನ ಸಾಧ್ಯತೆಯೂ ಹೆಚ್ಚುತ್ತದೆ.

ಉತ್ತರ: ಬೀದರಿನ ಪ್ರಾಣಿಶಾಸ್ತ್ರ ಉಪನ್ಯಾಸಕ

ಮೇಲಿನ ವಿವರಣೆ ಸಮರ್ಪಕವಾಗಿದೆ. ಆದರೆ ಕಡಿಮೆ ತಾಪವಿಲ್ಲದೆ ವೀರ್ಯಾಣುಗಳು ಹುಟ್ಟಲಾರವು ಎಂಬುದನ್ನು ಜೀವಜಗತ್ತಿಗೆಲ್ಲ ಅನ್ವಯಿಸುವ ನಿಯಮವೆಂದು ಮಕ್ಕಳಿಗೆ ಹೇಳಬಾರದು. ನಮ್ಮ ಕಡೆಯ ದೇವಣಿ ಹೋರಿ, ಟಗರು, ಹೋತ ಇವುಗಳ ವೃಷಣಗಳು ಹೊರಗೆ ಜೋತಾಡುವುದನ್ನು ಮಕ್ಕಳು ನೋಡಿಯೇ ಇರುತ್ತಾರೆ. ಅದೇ ಅಂಗಳದಲ್ಲಿ ಓಡಾಡುವ ಹುಂಜದ ವೃಷಣಗಳು ಹೊಟ್ಟೆಯ ಒಳಗಿವೆ, ಅದರ ಮೈಯ ತಾಪವೋ 41 ಡಿಗ್ರಿಯ ಆಸುಪಾಸು. ಆದರೂ ಹುಂಜದ ಸಂತಾನಕ್ಕೆ ಕೊರತೆಯೇನೂ ಇಲ್ಲ. ಆನೆಯ ವೃಷಣಗಳು ಮೂತ್ರಪಿಂಡಗಳ ಬಳಿಯೇ ಉಳಿದಿರುತ್ತವೆ. ಡಾಲ್ಫಿನ್‌ನ ವೃಷಣಗಳೂ ಒಳಗೇ ಇದ್ದು, ಬಾಲ ಮತ್ತು ಬೆನ್ನಿನ ಈಜುರೆಕ್ಕೆಗಳಲ್ಲಿ ತಣಿದ ರಕ್ತ ಅವುಗಳ ಸಮೀಪಕ್ಕೆ ಹರಿದುಬರುತ್ತದೆ.

ಅಂದರೆ ಮನುಷ್ಯನ ವೃಷಣದ ಜೀವಕೋಶಗಳು ಸುಮಾರು 35 ಡಿಗ್ರಿಗೆ ಹೊಂದಿಕೊಂಡಿವೆ ಎನ್ನುವುದು ನಿಜ. ತಾಪವನ್ನು ತಾಳಲಾರದೆ ವೃಷಣಗಳು ಹೊರಬಂದವೋ, ಹೊರಬಂದ ಮೇಲೆ ತಂಪಿಗೆ ಒಗ್ಗಿದವೋ ಎಂಬುದರ ಬಗ್ಗೆ ಜೀವವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಆ ಹುಡುಗನಿಗೆ ಇದನ್ನೂ ತಿಳಿಸಿ. ಇಂಥ ಪ್ರಶ್ನೆ ಕೇಳುವವನಿಗೆ ಅರ್ಧ ಉತ್ತರ ಕೊಡುವುದು ನ್ಯಾಯವಲ್ಲ.

ಪ್ರತಿಕ್ರಿಯೆ: ಸೇಡಂ ಕಡೆಯ ಸಿಮೆಂಟ್ ಕಾರ್ಮಿಕ

ಸರ್, ನಾನು ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಕುಲುಮೆಯ ಹತ್ತಿರ ಪಾಳಿಯ ಮೇಲೆ ಕೆಲಸ ಮಾಡುತ್ತೇನೆ. ಮದುವೆಯಾಗಿ ಕೆಲವು ವರ್ಷಗಳಾದರೂ ನಮಗೆ ಮಕ್ಕಳಾಗಿಲ್ಲ. ಮನೆಯವರನ್ನು ಹಲವು ಕಡೆ ತೋರಿಸಿಯಾಯಿತು, ಅವರಲ್ಲಿ ಯಾವ ದೋಷವೂ ಇಲ್ಲವೆಂದಿದ್ದಾರೆ. ಕೊನೆಗೆ ನನ್ನ ವೀರ್ಯ ಪರೀಕ್ಷೆ ಮಾಡಿಸಿದಾಗ ಸಂಖ್ಯೆ ಕಡಿಮೆಯಿದೆ, ಆಕಾರ ಸರಿಯಾಗಿರುವುದು ಶೇ 5 ಮಾತ್ರ ಎಂದು ವರದಿ ಬಂದಿದೆ. ಪರೀಕ್ಷೆಗೆ ಒಂದು ತಿಂಗಳ ಹಿಂದೆ ನನಗೆ ಟೈಫಾಯ್ಡ್ ಬಂದು ಜ್ವರ ಬಹಳ ದಿನ ಇತ್ತು. ಕುಲುಮೆಯ ಶಾಖದಿಂದ ನನಗೆ ಶಾಶ್ವತವಾಗಿ ಹೀಗಾಗಿದೆಯೇ? ಶಕ್ತಿ ಬರಲೆಂದು ಜಿಮ್‌ನ ಪರಿಚಯದವರೊಬ್ಬರು ಟೆಸ್ಟೋಸ್ಟೆರಾನ್ ಚುಚ್ಚುಮದ್ದು ತೆಗೆದುಕೊಳ್ಳಲು ಹೇಳುತ್ತಿದ್ದಾರೆ. ತೆಗೆದುಕೊಳ್ಳಬಹುದೇ?

ಉತ್ತರ: ಕಲಬುರಗಿಯ ಮೂತ್ರರೋಗ ತಜ್ಞ

ಮೊದಲು ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ: ಆ ಚುಚ್ಚುಮದ್ದನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಪಿಟ್ಯುಟರಿಯು ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎಲ್‌ಎಚ್‌ನಿಂದ ವೃಷಣದ ಲೇಡಿಗ್ ಕೋಶಗಳು ಟೆಸ್ಟೋಸ್ಟೆರಾನ್ ತಯಾರಿಸುತ್ತವೆ, ಎಫ್‌ಎಸ್‌ಎಚ್‌ನಿಂದ ಸರ್ಟೋಲಿ ಕೋಶಗಳು ಬೆಳೆಯುತ್ತಿರುವ ವೀರ್ಯಾಣುಗಳನ್ನು ಪೋಷಿಸುತ್ತವೆ. ವೀರ್ಯಾಣುಗಳು ಬೆಳೆಯಬೇಕಾದರೆ ವೃಷಣದ ಒಳಗೆ ಟೆಸ್ಟೋಸ್ಟೆರಾನ್ ಮಟ್ಟ ರಕ್ತದಲ್ಲಿರುವುದಕ್ಕಿಂತ ಹಲವಾರು ಪಟ್ಟು ಹೆಚ್ಚಿರಬೇಕು. ಹೊರಗಿನಿಂದ ಚುಚ್ಚಿಕೊಂಡರೆ ರಕ್ತದಲ್ಲಿ ಸಾಕಷ್ಟಿದೆಯೆಂದು ಮಿದುಳು ಎಣಿಸಿ ಎಲ್‌ಎಚ್, ಎಫ್‌ಎಸ್‌ಎಚ್ ಎರಡನ್ನೂ ನಿಲ್ಲಿಸಿಬಿಡುತ್ತದೆ. ಆಗ ವೃಷಣದ ಒಳಗಿನ ಉತ್ಪಾದನೆಯೇ ಕುಸಿದು, ವೀರ್ಯಾಣುಗಳು ಪೂರ್ತಿಯಾಗಿ ಇಲ್ಲವಾಗಬಹುದು. ಮೈಕಟ್ಟಿಗಾಗಿ ಇದನ್ನು ಚುಚ್ಚಿಕೊಂಡು, ಮದುವೆಯಾದ ಮೇಲೆ ಮಕ್ಕಳಿಲ್ಲವೆಂದು ಬರುವ ಯುವಕರನ್ನು ನಾನು ನೋಡುತ್ತಲೇ ಇದ್ದೇನೆ. ನಿಲ್ಲಿಸಿದರೆ ಬಹುತೇಕರಲ್ಲಿ ಉತ್ಪಾದನೆ ಮರಳುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಈಗ ನಿಮ್ಮ ವರದಿ. ಒಂದೊಂದು ವೃಷಣದಲ್ಲಿ ಸುಮಾರು 250 ವಿಭಾಗಗಳಿದ್ದು, ಪ್ರತಿಯೊಂದರಲ್ಲೂ ಒಂದರಿಂದ ಮೂರು ಸುರುಳಿಯಾದ ಸೂಕ್ಷ್ಮ ನಾಳಿಕೆಗಳಿವೆ. ಈ ನಾಳಿಕೆಗಳ ಗೋಡೆಯಲ್ಲಿ ಮೂಲಕೋಶವೊಂದು ಬಾಲವಿರುವ ವೀರ್ಯಾಣುವಾಗಲು ಸುಮಾರು 74 ದಿನ ಬೇಕು. ಆಗಲೂ ಅದಕ್ಕೆ ಈಜಲು ಬರುವುದಿಲ್ಲ. ವೃಷಣದ ಹಿಂಬದಿಗೆ ಅಂಟಿಕೊಂಡಿರುವ, ಬಿಡಿಸಿದರೆ ಸುಮಾರು 6 ಮೀಟರ್ ಉದ್ದವಾಗುವ ಎಪಿಡಿಡಿಮಿಸ್ ಎಂಬ ನಾಳದಲ್ಲಿ ಹತ್ತು ಹದಿನಾಲ್ಕು ದಿನ ಸಾಗುತ್ತಾ ಅದು ಆ ಸಾಮರ್ಥ್ಯವನ್ನು ಪಡೆಯುತ್ತದೆ. ಹಾಗಾಗಿ ಇಂದು ಕೊಟ್ಟ ಮಾದರಿಯಲ್ಲಿ ಕಾಣುವುದು ಹಿಂದಿನ ಸುಮಾರು ಮೂರು ತಿಂಗಳಲ್ಲಿ ವೃಷಣದೊಳಗೆ ನಡೆದ ಕೆಲಸ. ದಿನಗಟ್ಟಲೆ ಕಾಡಿದ ಟೈಫಾಯ್ಡ್ ಜ್ವರದಲ್ಲಿ ಬೆಳೆಯುತ್ತಿದ್ದ ವೀರ್ಯಾಣುಗಳೇ ನಿಮ್ಮ ಪರೀಕ್ಷೆಗೆ ಬಂದಿವೆ. ಜ್ವರ ಪೂರ್ಣ ಗುಣವಾಗಿ ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷಿಸದೆ ಯಾವ ತೀರ್ಮಾನಕ್ಕೂ ಬರಲಾಗದು. ಮರುಪರೀಕ್ಷೆಗೆ ಮುನ್ನ ಎರಡರಿಂದ ಏಳು ದಿನ ವೀರ್ಯ ಸ್ಖಲನವಾಗಿರಬಾರದು. ಮಾದರಿಯನ್ನು ಪ್ರಯೋಗಾಲಯದಲ್ಲೇ ಕೊಡುವುದು ಉತ್ತಮ. ಮನೆಯಿಂದ ತರುವುದಾದರೆ ಒಂದು ಗಂಟೆಯೊಳಗೆ ತಲುಪಬೇಕಾಗುತ್ತದೆ. ಸೇಡಂನಿಂದ ಕಲಬುರಗಿಗೆ ಬಸ್ಸಿನಲ್ಲಿ ಅದು ಆಗದ ಮಾತು.

ಶೇ 5 ಎಂಬ ಅಂಕಿಯನ್ನು ನೋಡಿ ಗಾಬರಿಯಾಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಮಿತಿಗಳು ಹೀಗಿವೆ: ವೀರ್ಯದ ಪ್ರಮಾಣ 1.4 ಮಿಲಿಲೀಟರ್, ಪ್ರತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳು, ಚಲಿಸುವವು ಶೇ 42, ಸರಿಯಾದ ಆಕಾರದವು ಶೇ 4. ಕಟ್ಟುನಿಟ್ಟಿನ ಅಳತೆಯಲ್ಲಿ ಆರೋಗ್ಯವಂತರ ವೀರ್ಯಾಣುಗಳಲ್ಲೂ ಹೆಚ್ಚಿನವು ಆಕಾರದಲ್ಲಿ ಅನುತ್ತೀರ್ಣವಾಗುತ್ತವೆ. (ಶೇ 60 ಸಹಜ ಆಕಾರದಲ್ಲಿರಬೇಕೆಂಬ ಪಿಯುಸಿ ಪುಸ್ತಕದ ಮಾತು ಬೇರೆ ಅಳತೆಯದು, ಶಿಕ್ಷಕರು ಇದನ್ನು ಗಮನಿಸಬೇಕು.) ಒಂದು ವರ್ಷದೊಳಗೆ ಪತ್ನಿ ಗರ್ಭಿಣಿಯಾದ ಪುರುಷರನ್ನು ಪರೀಕ್ಷಿಸಿ, ಅವರಲ್ಲಿ ಕೆಳತುದಿಯ ಶೇ 5 ಮಂದಿ ಎಲ್ಲಿ ನಿಲ್ಲುತ್ತಾರೋ ಅದನ್ನು ಮಿತಿಯೆಂದು ಇಟ್ಟುಕೊಳ್ಳಲಾಗಿದೆ. ಆದ್ದರಿಂದ ಅದಕ್ಕಿಂತ ಕೆಳಗಿದ್ದರೆ ಮಕ್ಕಳೇ ಆಗುವುದಿಲ್ಲವೆಂದು ಅರ್ಥವಲ್ಲ.

ಕುಲುಮೆಯ ಶಾಖವನ್ನು ನಾನು ತಳ್ಳಿಹಾಕುವುದಿಲ್ಲ. ನಿತ್ಯವೂ ತೀವ್ರ ಶಾಖದ ಎದುರು ಗಂಟೆಗಟ್ಟಲೆ ದುಡಿಯುವವರಲ್ಲಿ ಸಂಖ್ಯೆ ಮತ್ತು ಚಲನೆ ತಗ್ಗುವುದುಂಟು. ಸಾಧ್ಯವಿದ್ದರೆ ಮರುಪರೀಕ್ಷೆಯವರೆಗೆ ಬೇರೆ ವಿಭಾಗಕ್ಕೆ ಬದಲಾಯಿಸಿಕೊಳ್ಳಿ, ತಂಬಾಕು ಬಿಡಿ. ಮುಖ್ಯವಾಗಿ ಒಬ್ಬ ತಜ್ಞರಿಂದ ದೈಹಿಕ ಪರೀಕ್ಷೆ ಮಾಡಿಸಿಕೊಳ್ಳಿ. ವೃಷಣದ ಅಭಿಧಮನಿಗಳು ಉಬ್ಬಿಕೊಳ್ಳುವ ವೇರಿಕೋಸೀಲ್ ಸುಮಾರು ಶೇ 15ರಷ್ಟು ಪುರುಷರಲ್ಲಿರುತ್ತದೆ. ಎಡಭಾಗದ ಅಭಿಧಮನಿ ನೇರವಾಗಿ ದೊಡ್ಡ ಅಭಿಧಮನಿಯನ್ನು ಸೇರದೆ ಮೂತ್ರಪಿಂಡದ ಅಭಿಧಮನಿಗೆ ಲಂಬವಾಗಿ ಸೇರುವುದರಿಂದ ಇದು ಹೆಚ್ಚಾಗಿ ಎಡಕ್ಕೇ ಬರುತ್ತದೆ. ರಕ್ತ ನಿಂತರೆ ಮೇಲೆ ಬೋಧಕರು ವಿವರಿಸಿದ ತಂಪಿನ ವ್ಯವಸ್ಥೆಯೇ ಕೆಡುತ್ತದೆ. ಕಾರಣ ಇದೇ ಆಗಿದ್ದರೆ ಚಿಕಿತ್ಸೆಯಿದೆ.

ಒಂದು ಮಾತು ನೇರವಾಗಿ ಹೇಳುತ್ತೇನೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಪಾಲೂ ಇರುತ್ತದೆ. ಪತ್ನಿಗೆ ಮಾಡುವ ಪರೀಕ್ಷೆಗಳು ಹಲವು, ಕೆಲವು ನೋವಿನವು. ಪತಿಯದು ಒಂದು ಬೆಳಗಿನ ಕೆಲಸ. ಅದನ್ನು ಕೊನೆಗೆ ಉಳಿಸಿಕೊಳ್ಳುವ ನಮ್ಮ ಕಡೆಯ ಪದ್ಧತಿ ಬದಲಾಗಬೇಕು.

ಉತ್ತರ: ಬೀದರಿನ ನಿವೃತ್ತ ಆರೋಗ್ಯ ಸಹಾಯಕ

ವೀರ್ಯನಾಳದ ಚಿತ್ರ ಬರೆಸುವಾಗ ಶಿಕ್ಷಕಿಯವರು ನಸಬಂದಿಯ, ಅಂದರೆ ಮಕ್ಕಳಾಗದಂತೆ ಗಂಡಸರಿಗೆ ಮಾಡುವ ಆಪರೇಷನ್ನಿನ, ವಿಷಯವನ್ನೂ ಸೇರಿಸಬೇಕೆಂದು ನನ್ನ ವಿನಂತಿ, ಏಕೆಂದರೆ ನಾಳಗಳ ದಾರಿ ತಿಳಿಯದಿರುವುದರಿಂದಲೇ ಜನರಲ್ಲಿ ಅದರ ಭಯ ಉಳಿದಿದೆ. ಚೀಲದ ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ ವೀರ್ಯನಾಳವನ್ನು ಮಾತ್ರ ಕತ್ತರಿಸಿ ಕಟ್ಟುತ್ತಾರೆ. ಹೊಲಿಗೆಯಿಲ್ಲದ ಈ ವಿಧಾನವನ್ನು ಚೀನಾದ ವೈದ್ಯ ಲಿ ಶುನ್‌ಚಿಯಾಂಗ್ 1974ರಲ್ಲಿ ರೂಪಿಸಿದರು. ಟೆಸ್ಟೋಸ್ಟೆರಾನ್ ಹೋಗುವುದು ರಕ್ತದ ದಾರಿಯಲ್ಲಿ, ವೀರ್ಯನಾಳದಲ್ಲಲ್ಲ. ಹಾಗಾಗಿ ದುಡಿಯುವ ಶಕ್ತಿಯಾಗಲಿ, ಗಂಡಸುತನವಾಗಲಿ ಕಡಿಮೆಯಾಗುವುದಿಲ್ಲ. ವೀರ್ಯದ ಶೇ 60ಕ್ಕೂ ಹೆಚ್ಚು ಭಾಗ ವೀರ್ಯಕೋಶಗಳೆಂಬ ಗ್ರಂಥಿಗಳಿಂದ, ಉಳಿದುದರಲ್ಲಿ ಹೆಚ್ಚಿನದು ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತದೆ. ಇವೆರಡೂ ಕಟ್ಟಿದ ಜಾಗದ ಮುಂದಕ್ಕಿವೆ. ವೃಷಣದಿಂದ ಬರುವ ಪಾಲು ಶೇ 5ರೊಳಗೆ ಇರುವುದರಿಂದ ಪ್ರಮಾಣದಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಹಿಂದೆ ಉಳಿದ ವೀರ್ಯಾಣುಗಳನ್ನು ದೇಹವೇ ಹೀರಿಕೊಳ್ಳುತ್ತದೆ. ಕಟ್ಟಿದ ಜಾಗದ ಮುಂದೆ ಆಗಲೇ ಸೇರಿಕೊಂಡಿರುವ ವೀರ್ಯಾಣುಗಳು ಖಾಲಿಯಾಗಲು ಸಮಯ ಬೇಕಾದ್ದರಿಂದ ಮೂರು ತಿಂಗಳು ಕಾಂಡೋಮ್ ಬಳಸಿ, ನಂತರ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಇದನ್ನು ಮರೆತವರ ಮನೆಯಲ್ಲಿ ತೊಟ್ಟಿಲು ತೂಗಿದರೆ ಅನುಮಾನ ಪಾಪ ಹೆಂಡತಿಯ ಮೇಲೆ ಬರುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ದಂಪತಿಗಳಲ್ಲಿ ಶೇ 37.9 ಕಡೆ ಆಪರೇಷನ್ ಆಗಿರುವುದು ಹೆಂಗಸಿಗೆ, ಶೇ 0.3 ಕಡೆ ಮಾತ್ರ ಗಂಡಸಿಗೆ. ತುರ್ತುಪರಿಸ್ಥಿತಿಯ ಕಾಲದ ಬಲವಂತದ ನೆನಪು ಇದಕ್ಕೆ ಒಂದು ಕಾರಣವೆನ್ನುವುದನ್ನು ಹಳ್ಳಿಗಳಲ್ಲಿ ಕೇಳಿಸಿಕೊಂಡಿದ್ದೇನೆ. ಹೊಟ್ಟೆ ತೆರೆಯಬೇಕಾದ ದೊಡ್ಡ ಚಿಕಿತ್ಸೆ ಹೆಂಗಸಿಗೆ, ಕೆಲವೇ ನಿಮಿಷಗಳ ಚಿಕ್ಕದು ಗಂಡಸಿಗೆ ಬೇಡ ಎನ್ನುವುದಕ್ಕೆ ಅದೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಈ ಅಂಗಗಳಿಗೆ ಸಂಬಂಧಿಸಿದ ನೋವನ್ನು ಹುಡುಗರು ಮನೆಯಲ್ಲೂ ಹೇಳಿಕೊಳ್ಳುವುದಿಲ್ಲ. ಅವರಿಗೆ ನಾನು ತಪ್ಪದೆ ತಿಳಿಸಬೇಕಾದ ಅಪಾಯದ ಲಕ್ಷಣ ಯಾವುದಾದರೂ ಇದೆಯೇ?

ಉತ್ತರ: ಕಲಬುರಗಿಯ ಮೂತ್ರರೋಗ ತಜ್ಞ

ಇದೆ. ಹನ್ನೆರಡರಿಂದ ಹದಿನೆಂಟರ ವಯಸ್ಸಿನಲ್ಲಿ ಹೆಚ್ಚಾಗಿ ಕಾಣುವ ವೃಷಣದ ತಿರುಚುವಿಕೆ. ವೃಷಣ ತೂಗಿಕೊಂಡಿರುವ ರಕ್ತನಾಳಗಳ ಕಟ್ಟು ತನ್ನ ಸುತ್ತಲೇ ತಿರುಚಿಕೊಂಡು ರಕ್ತ ಸಂಚಾರ ನಿಂತುಹೋಗುತ್ತದೆ. ಒಂದು ಕಡೆ ಇದ್ದಕ್ಕಿದ್ದಂತೆ ತೀವ್ರ ನೋವು, ವಾಂತಿ, ಆ ಬದಿಯ ವೃಷಣ ಮೇಲಕ್ಕೆ ಸರಿದಂತೆ ಕಾಣುವುದು ಇದರ ಲಕ್ಷಣಗಳು. ನಿದ್ದೆಯಲ್ಲೂ ಆಗಬಹುದು. ಕೆಲವು ಹುಡುಗರು ಕಿಬ್ಬೊಟ್ಟೆ ನೋವೆಂದಷ್ಟೇ ಹೇಳುವುದರಿಂದ ಮನೆಯವರು ಅಜೀರ್ಣವೆಂದು ಓಮದ ಕಾಳು ಕೊಟ್ಟು ಮಲಗಿಸುತ್ತಾರೆ. ಸುಮಾರು ಆರು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ವೃಷಣ ಬಹುತೇಕ ಉಳಿಯುತ್ತದೆ, ಒಂದು ದಿನ ದಾಟಿದರೆ ಉಳಿಯುವುದು ಅಪರೂಪ. ಒಂದನ್ನು ತೆಗೆಯಬೇಕಾಗಿ ಬಂದರೂ ಇನ್ನೊಂದು ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ ಹಾರ್ಮೋನಿಗೂ ಸಂತಾನಕ್ಕೂ ಅದೇ ಸಾಕಾಗುತ್ತದೆ.

ಎಣ್ಣೆ ಹಚ್ಚಿ ತಿಕ್ಕುವುದು, ಬೆಳಗಾಗಲೆಂದು ಕಾಯುವುದು ಎರಡೂ ಕೂಡದು. ಹಳ್ಳಿಯಿಂದ ಹೊರಟವರು ಸ್ಕ್ಯಾನಿಂಗ್ ಕೇಂದ್ರವನ್ನು ಹುಡುಕಿಕೊಂಡು ಅಲೆಯದೆ, ಶಸ್ತ್ರಚಿಕಿತ್ಸಕರಿರುವ ಹತ್ತಿರದ ದೊಡ್ಡ ಆಸ್ಪತ್ರೆಗೆ ನೇರವಾಗಿ ಹೋಗಲಿ. ಹುಡುಗನಿಗೆ ಸಂಕೋಚವಾದರೆ ‘ವೃಷಣದಲ್ಲಿ ನೋವು, ಇಷ್ಟು ಗಂಟೆಗೆ ಶುರುವಾಯಿತು’ ಎಂದು ಚೀಟಿಯಲ್ಲಿ ಬರೆದು ತೋರಿಸಿದರೂ ಸಾಕು.